ಬೆಲೆಗಿಂತ ಮೊದಲು ತೂಕ ಕೇಳಿ

ನಾವಿಬ್ಬರೂ ಟೆಕ್ಸಸ್‌ನ ಮನೆ ಮಾರಿ ಟ್ರೇಲರ್ ವಾಸಕ್ಕೆ ಬಂದ ಸುದ್ದಿ ಹಬ್ಬಿದಾಗಿನಿಂದ ಕನ್ನಡ ಕೂಟದ ಗೆಳೆಯರು, ಅದರಲ್ಲೂ ನಿವೃತ್ತಿಯ ಅಂಚಿನಲ್ಲಿರುವವರು, ಒಂದೇ ಪ್ರಶ್ನೆ ಕೇಳುತ್ತಾರೆ: “ಎಷ್ಟು ಬಿತ್ತು?” ಬೆಲೆ ಹೇಳುತ್ತೇನೆ, ಜೊತೆಗೇ ತೂಕವನ್ನೂ ಹೇಳುತ್ತೇನೆ. ಫಿಫ್ತ್ ವೀಲ್ ಟ್ರೇಲರ್ ಕೊಳ್ಳುವವರ ಹಣ ಹೋಗುವುದು ತೂಕದ ಹಿಂದೆ. ಯಾವ ಟ್ರಕ್, ಎಂಥ ಟೈರ್, ಎಷ್ಟು ಡೀಸೆಲ್, ಯಾವ ದರ್ಜೆಯ ಲೈಸೆನ್ಸ್, ಎಲ್ಲವನ್ನೂ ತೀರ್ಮಾನಿಸುವುದು ಅದೇ.

ಫಿಫ್ತ್ ವೀಲ್ ನೋಡದವರಿಗೆ ಎರಡು ಮಾತು. ಮಾಮೂಲಿ ಟ್ರೇಲರನ್ನು ವಾಹನದ ಹಿಂಬದಿಯ ಕೊಕ್ಕೆಗೆ ಸಿಕ್ಕಿಸಿ ಎಳೆಯುತ್ತಾರೆ. ಫಿಫ್ತ್ ವೀಲ್‌ನ ಮುಂಭಾಗ ಎತ್ತರಕ್ಕೆ ಚಾಚಿಕೊಂಡು ಪಿಕಪ್ ಟ್ರಕ್ಕಿನ ತೊಟ್ಟಿಯ ಮೇಲೆ ಬರುತ್ತದೆ. ತೊಟ್ಟಿಯೊಳಗೆ, ಹಿಂದಿನ ಆಕ್ಸಲ್‌ನ ನೇರಕ್ಕೆ ಕೂರಿಸಿದ ಹಿಚ್‌ಗೆ ಅದರ ಕಿಂಗ್‌ಪಿನ್ ಬಂದು ಕಚ್ಚಿಕೊಳ್ಳುತ್ತದೆ. ಭಾರ ಆಕ್ಸಲ್ ಮೇಲೆ ಬೀಳುವುದರಿಂದ ಅಡ್ಡಗಾಳಿಗೆ ಟ್ರೇಲರ್ ಅಷ್ಟಾಗಿ ಓಲಾಡುವುದಿಲ್ಲ. ಮುಂದಿನ ಎತ್ತರದ ಭಾಗದಲ್ಲಿ ಮಲಗುವ ಕೋಣೆ, ನಿಂತಾಗ ಗೋಡೆಯಿಂದ ಹೊರಕ್ಕೆ ಜಾರುವ ಸ್ಲೈಡ್‌ಗಳು, ನೆಟ್ಟಗೆ ನಿಂತು ಅಡುಗೆ ಮಾಡುವಷ್ಟು ಎತ್ತರ. ವರ್ಷವಿಡೀ ವಾಸಿಸುವವರಲ್ಲಿ ಅನೇಕರು ಇದನ್ನೇ ಆರಿಸುವುದಕ್ಕೆ ಕಾರಣ ಇಷ್ಟು.

ಇನ್ನು ಲೆಕ್ಕಕ್ಕೆ ಬರೋಣ. ತುಂಬಿದ ಫಿಫ್ತ್ ವೀಲ್‌ನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು, ಕೆಲವದರಲ್ಲಿ ಕಾಲು ಪಾಲು, ಟ್ರಕ್ಕಿನ ಮೇಲೆ ಕೂರುತ್ತದೆ. ಗರಿಷ್ಠ ತೂಕ 14,000 ಪೌಂಡ್, ಅಂದರೆ 6,350 ಕಿಲೋ ಇರುವ ಟ್ರೇಲರನ್ನೇ ತೆಗೆದುಕೊಳ್ಳಿ. ಶೇ 22ರ ಲೆಕ್ಕದಲ್ಲಿ 3,080 ಪೌಂಡ್ ಟ್ರಕ್ಕಿನ ಬೆನ್ನಿಗೆ ಬಿತ್ತು. ಹಿಚ್‌ಗೆ 200, ಗಂಡ ಹೆಂಡತಿಗೆ 320, ತೊಟ್ಟಿಯಲ್ಲಿಡುವ ಉಪಕರಣಗಳಿಗೆ ಒಂದಿಷ್ಟು ಸೇರಿಸಿದರೆ 3,700ರ ಹತ್ತಿರ ಬರುತ್ತದೆ. ಮುಕ್ಕಾಲು ಟನ್ ದರ್ಜೆಯ ಡೀಸೆಲ್ ಟ್ರಕ್‌ಗಳಲ್ಲಿ ಹೆಚ್ಚಿನವು ಹೊರಬಲ್ಲ ಭಾರ 2,000ದಿಂದ 2,500 ಪೌಂಡ್. ಡೀಸೆಲ್ ಎಂಜಿನ್ನಿನ ತೂಕವೇ ಜಾಸ್ತಿ, ಅದು ಹೊರುವ ಶಕ್ತಿಯಿಂದಲೇ ಕಳೆದುಹೋಗುತ್ತದೆ. ಹಾಗಾಗಿ ಇಂಥ ಟ್ರೇಲರಿಗೆ ಒಂದು ಟನ್ ದರ್ಜೆಯ ಟ್ರಕ್ಕೇ ಬೇಕು: ಫೋರ್ಡ್ ಎಫ್-350, ರಾಮ್ 3500, ಷೆವರ್ಲೆ ಸಿಲ್ವರಾಡೊ 3500 ಮುಂತಾದವು. ಹಿಂದೆ ನಾಲ್ಕು ಚಕ್ರವಿರುವ ಡ್ಯೂಯಲಿಯಾದರೆ ಇನ್ನೂ ನಿಶ್ಚಿಂತೆ.

ನಾವು ಹೋಗಿದ್ದ ಮಳಿಗೆಯೊಂದರ ಮಾರಾಟಗಾರ ಮುಕ್ಕಾಲು ಟನ್ ಟ್ರಕ್ ತೋರಿಸಿ “ಇದು ಸಲೀಸಾಗಿ ಎಳೆಯುತ್ತೆ” ಅಂದ. ಎಳೆಯುತ್ತದೆ, ಸುಳ್ಳಲ್ಲ. ಹೊರಲಾರದು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕುವುದು ಎಳೆಯುವ ಶಕ್ತಿಯನ್ನು, ನಮಗೆ ಬೇಕಾದದ್ದು ಪೇಲೋಡ್, ಅಂದರೆ ಹೊರಬಲ್ಲ ಭಾರ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಹೆಚ್ಚಿನ ಟ್ರಕ್‌ಗಳಲ್ಲಿ ಪೇಲೋಡ್ ಅದರಲ್ಲೇ ಇರುತ್ತದೆ. ದೊಡ್ಡ ಟ್ರಕ್ಕಾದರೆ ಗರಿಷ್ಠ ಒಟ್ಟು ತೂಕ ಮಾತ್ರ ಸಿಗಬಹುದು. ಆಗ ಟ್ರಕ್ಕನ್ನು ತೂಕ ಮಾಡಿಸಿ ಅದರಿಂದ ಕಳೆಯಿರಿ. ಪ್ರತಿ ಟ್ರಕ್ಕಿನ ಅಂಕಿ ಬೇರೆ. ಒಂದೇ ಮಾಡೆಲ್‌ನ ಎರಡು ಗಾಡಿಗಳಲ್ಲೂ ಸನ್‌ರೂಫ್, ಚರ್ಮದ ಸೀಟು ಎಂದು ವ್ಯತ್ಯಾಸವಾಗುತ್ತದೆ. ನಾವು ಮೊದಲು ಟ್ರೇಲರನ್ನು ಕಾಗದದ ಮೇಲೆ ನಿಶ್ಚಯ ಮಾಡಿಕೊಂಡು, ಅದಕ್ಕೆ ತಕ್ಕ ಟ್ರಕ್ ಹುಡುಕಿ, ಆಮೇಲೆ ಟ್ರೇಲರ್ ಕೊಂಡೆವು.

ಟೆಕ್ಸಸ್‌ನಲ್ಲಿ ಇನ್ನೊಂದು ವಿಷಯವಿದೆ. ಟ್ರಕ್ ಮತ್ತು ಟ್ರೇಲರ್‌ಗಳ ಗರಿಷ್ಠ ತೂಕ ಕೂಡಿಸಿ 26,000 ಪೌಂಡ್ ದಾಟಿ, ಅದರಲ್ಲಿ ಟ್ರೇಲರೊಂದೇ 10,000ಕ್ಕಿಂತ ಹೆಚ್ಚಿದ್ದರೆ, ಸಾಮಾನ್ಯ ಲೈಸೆನ್ಸ್ ಸಾಲದು. ವಾಣಿಜ್ಯೇತರ ಕ್ಲಾಸ್ ಎ ಬೇಕು. 14,000ದ ಡ್ಯೂಯಲಿಗೆ 14,000ದ ಟ್ರೇಲರ್ ಸೇರಿದರೆ ಆ ಗೆರೆ ದಾಟಿದಂತೆಯೇ.

ರಜೆಗೆ ಹೋಗುವವರು ನಾಲ್ಕು ಜೊತೆ ಬಟ್ಟೆ ಒಯ್ಯುತ್ತಾರೆ, ನಾವು ಸಂಸಾರವನ್ನೇ ಒಯ್ಯುತ್ತೇವೆ. ಖಾಲಿ ತೂಕಕ್ಕೂ ಗರಿಷ್ಠ ತೂಕಕ್ಕೂ ಇರುವ ಅಂತರವೇ ನಮ್ಮ ಸಾಮಾನಿನ ಮಿತಿ. 75 ಗ್ಯಾಲನ್ ನೀರು ತುಂಬಿದರೆ 625 ಪೌಂಡ್ ಅದಕ್ಕೇ ಹೋಯಿತು. ಅಕ್ಕಿ ಮೂಟೆ, ಗ್ರೈಂಡರ್, ಕಬ್ಬಿಣದ ಕಾವಲಿ, ಕಂಚಿನ ದೀಪ, ಪುಸ್ತಕ, ಔಷಧಿ, ಚಳಿಗಾಲದ ಹೊದಿಕೆ, ಎಲ್ಲ ಸೇರಿ ಸಾವಿರ ಪೌಂಡ್ ದಾಟುವುದು ಕಷ್ಟವೇನಲ್ಲ. ನನ್ನ ಸಲಹೆ, ಈ ಅಂತರ 2,000 ಪೌಂಡಿಗಿಂತ ಕಡಿಮೆಯಿದ್ದರೆ ಆ ಟ್ರೇಲರ್ ವರ್ಷವಿಡೀ ವಾಸಕ್ಕಲ್ಲ. ಸಾಮಾನು ತುಂಬಿದ ಮೇಲೆ ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ಗಳಲ್ಲಿರುವ ಕ್ಯಾಟ್ ಸ್ಕೇಲ್‌ನಲ್ಲಿ ತೂಗಿಸಿ. ಖರ್ಚು ಒಂದು ಹೋಟೆಲ್ ಊಟದಷ್ಟೂ ಆಗದು.

ಒಳಾಂಗಣದ ವಿಷಯದಲ್ಲಿ ನನ್ನವಳ ಮಾತೇ ಕೊನೆಯದು, ಅದು ಸರಿಯೂ ಹೌದು. ಮಳಿಗೆಯಲ್ಲಿ ಎಲ್ಲರೂ ಟಿವಿ, ಬೆಂಕಿಗೂಡು ನೋಡುತ್ತಿದ್ದರೆ ಅವಳು ಒಲೆಯ ಮುಂದೆ ನಿಂತು “ರೀ, ಇಲ್ಲಿ ಕುಕ್ಕರ್ ಇಟ್ಟರೆ ಹಿಟ್ಟು ಕಲಸೋಕೆ ಜಾಗ ಎಲ್ಲಿ? ಒಗ್ಗರಣೆ ಹೊಗೆ ಹೊರಗೆ ಹೋಗುತ್ತಾ?” ಎಂದು ಕೇಳಿದಳು. ಹೊಗೆ ಎಳೆಯುವ ಫ್ಯಾನ್ ಗಾಳಿಯನ್ನು ನಿಜವಾಗಿಯೂ ಹೊರಗೆ ಹಾಕುತ್ತದೆಯೋ ಒಳಗೇ ಸುತ್ತಿಸುತ್ತದೆಯೋ ನೋಡಲೇಬೇಕು. ಸ್ಲೈಡ್‌ಗಳನ್ನು ಮುಚ್ಚಿಸಿಯೂ ನೋಡಿ. ದಾರಿಯಲ್ಲಿ ನಿಲ್ಲಿಸಿದಾಗ ಬಚ್ಚಲಿಗೆ, ಫ್ರಿಜ್ಜಿಗೆ ಹೋಗಲು ದಾರಿ ಇರಬೇಕು. ವಿದ್ಯುತ್ 50 ಆಂಪಿಯರಿನದೇ ಇರಲಿ. 30 ಆಂಪಿಯರಿನಲ್ಲಿ ಸಿಗುವುದು 3,600 ವಾಟ್, 50ರಲ್ಲಿ 12,000. ಟೆಕ್ಸಸ್ ಬೇಸಿಗೆಯಲ್ಲಿ ಎರಡು ಎಸಿ ಓಡಬೇಕೆಂದರೆ ಬೇರೆ ದಾರಿಯಿಲ್ಲ. ಉದ್ದದಲ್ಲಿ ನಾವು 35 ಅಡಿಗೆ ನಿಲ್ಲಿಸಿದೆವು. 40 ಅಡಿಯ ಗಾಡಿಗೆ ರಾಷ್ಟ್ರೀಯ ಉದ್ಯಾನಗಳ ಅನೇಕ ತಂಗುದಾಣಗಳಲ್ಲಿ ಜಾಗವೇ ಇಲ್ಲ.

ಸಾಲದ ಬಗ್ಗೆ ನನ್ನ ನಿಲುವು ಗಟ್ಟಿ. ಬ್ಯಾಂಕುಗಳು 15, 20 ವರ್ಷದ ಸಾಲ ಕೊಡುತ್ತವೆ, ಕಂತು ಹಗುರ ಅನಿಸುತ್ತದೆ. ಮನೆಗೆ ನೆಲದ ಬೆಲೆ ಇರುತ್ತದೆ, ಇದು ವಾಹನ. ಮಳಿಗೆಯಿಂದ ಹೊರಟ ದಿನದಿಂದಲೇ ಬೆಲೆ ಇಳಿಯುತ್ತದೆ. ಕೆಲವೇ ವರ್ಷಗಳಲ್ಲಿ ಗಾಡಿಯ ಬೆಲೆಗಿಂತ ಸಾಲವೇ ಹೆಚ್ಚಾಗಿ, ಮಾರಲೂ ಆಗದೆ ಸಿಕ್ಕಿಬಿದ್ದವರನ್ನು ಆರ್‌ವಿ ಪಾರ್ಕುಗಳಲ್ಲಿ ಭೇಟಿಯಾಗಿದ್ದೇನೆ. ನಾಲ್ಕೈದು ವರ್ಷ ಹಳೆಯದನ್ನು ನಗದಿಗೆ ಕೊಳ್ಳುವುದು ಜಾಣತನ. ತೀರಾ ಹಳೆಯದೂ ಬೇಡ, ಹತ್ತು ವರ್ಷ ಮೀರಿದ ಗಾಡಿಗಳನ್ನು ಒಳಗೆ ಬಿಡದ ಪಾರ್ಕುಗಳಿವೆ. ಹಳೆಯದಕ್ಕೆ ದೊಡ್ಡ ಶತ್ರು ನೀರು. ಚಾವಣಿಯ ಸೀಲಂಟ್, ಸ್ಲೈಡ್‌ನ ಮೂಲೆ, ಗೋಡೆಯ ಉಬ್ಬು, ಮೆತ್ತಗಾದ ನೆಲ, ಇವನ್ನು ಡೀಲರ್ ಹೊರತಾದ ಪರಿಣತರಿಂದಲೇ ಪರೀಕ್ಷೆ ಮಾಡಿಸಿ. ಟೈರಿನ ಪಕ್ಕೆಯ ಮೇಲಿನ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರ. ಆರು ವರ್ಷ ದಾಟಿದ್ದರೆ, ಟ್ರೆಡ್ ಚೆನ್ನಾಗಿ ಕಂಡರೂ, ಹೊಸ ಟೈರಿನ ಹಣವನ್ನು ಬೆಲೆಯಲ್ಲಿ ಕಳೆಯಲು ಕೇಳಿ.

ಸಹಿ ಹಾಕುವ ಮೊದಲು ವಾರಂಟಿಯ ಸಣ್ಣಕ್ಷರ ಓದಿ. ವರ್ಷವಿಡೀ ವಾಸಿಸಿದರೆ ವಾರಂಟಿ ಅನ್ವಯಿಸದು ಎಂದು ಬರೆದಿರುವ ತಯಾರಕರಿದ್ದಾರೆ. ವಿಮೆಯೂ ಹಾಗೆಯೇ. ಪೂರ್ಣಾವಧಿ ವಾಸದ ಪಾಲಿಸಿಯೇ ಬೇರೆ, ನಿಮ್ಮ ಮೆಟ್ಟಿಲ ಮೇಲೆ ಯಾರಾದರೂ ಬಿದ್ದರೆ ಅದರ ಹೊಣೆಯೂ ಅದರಲ್ಲಿ ಸೇರಿರಬೇಕು.

ವಿಳಾಸಕ್ಕೆ ನಾವು ಟೆಕ್ಸಸನ್ನೇ ಉಳಿಸಿಕೊಂಡೆವು. ಲಿವಿಂಗ್‌ಸ್ಟನ್‌ನ ಎಸ್ಕೇಪೀಸ್ ಸಂಘ ನಮ್ಮಂಥವರ ಅಂಚೆಯನ್ನು ಪಡೆದು ಇದ್ದಲ್ಲಿಗೆ ಕಳಿಸುತ್ತದೆ. ಟೆಕ್ಸಸ್, ಫ್ಲಾರಿಡಾ, ಸೌತ್ ಡಕೋಟಗಳಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. 65 ದಾಟಿದವರು ಸಾಂಪ್ರದಾಯಿಕ ಮೆಡಿಕೇರ್‌ನಲ್ಲೇ ಇದ್ದರೆ ಅದನ್ನು ಸ್ವೀಕರಿಸುವ ವೈದ್ಯರು ದೇಶದಲ್ಲಿ ಎಲ್ಲಿದ್ದರೂ ಸರಿ. ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳು ಬಹುತೇಕ ಊರಿನ ಆಸುಪಾಸಿಗೆ ಸೀಮಿತ. ಮಕ್ಕಳ ಮನೆ ಮುಂದೆ ತಿಂಗಳುಗಟ್ಟಲೆ ನಿಲ್ಲಿಸಬಹುದೆಂಬ ಆಸೆ ಇದ್ದರೆ ಅವರ ಬಡಾವಣೆಯ ನಿಯಮ ಈಗಲೇ ಕೇಳಿ. ಅನೇಕ ಕಡೆ ಒಂದು ರಾತ್ರಿಗೂ ಬಿಡುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಎಂದೋ ಒಂದು ದಿನ ಮಂಡಿ ಸೋಲುತ್ತದೆ, ಕಣ್ಣು ಮಂಜಾಗುತ್ತದೆ, ಟ್ರಕ್ ಓಡಿಸುವುದು ನಿಲ್ಲುತ್ತದೆ. ಆಗ ಮತ್ತೆ ಒಂದು ಪುಟ್ಟ ಮನೆಯನ್ನೋ ಬಾಡಿಗೆಯ ಅಪಾರ್ಟ್‌ಮೆಂಟನ್ನೋ ಹಿಡಿಯಬೇಕಾಗುತ್ತದೆ. ಮನೆ ಮಾರಿದ ಹಣದಲ್ಲಿ ಅದಕ್ಕೆ ಬೇಕಾದಷ್ಟನ್ನು ಮೊದಲು ಬೇರೆ ಖಾತೆಗೆ ಹಾಕಿಡಿ. ಉಳಿದದ್ದರಲ್ಲಿ ಎಂಥ ಟ್ರೇಲರ್ ಬರುತ್ತದೋ ಅದನ್ನೇ ಕೊಳ್ಳಿ.