ಮೇಲೆ ಕೆಂಡ, ಕೆಳಗೆ ಕೆಂಡ: ಇಟಲಿಯ ಪಾಸ್ತಾವನ್ನು ಮನೆಯಲ್ಲಿ ಬೇಯಿಸುವ ಕ್ರಮ



ರಜೆಯಲ್ಲಿ ಪಟ್ಟಣದಿಂದ ಮನೆಗೆ ಬರುವ ಮಕ್ಕಳು ಪಾಸ್ತಾ ಬೇಕೆಂದು ಕೇಳುವುದು ಈಗ ಕಡೂರು ತಾಲ್ಲೂಕಿನ ಯಗಟಿಯಂಥ ಹೋಬಳಿ ಗ್ರಾಮದಲ್ಲಿಯೂ ವಿಶೇಷವಾದ ಸಂಗತಿಯಲ್ಲ. ಅವರು ಹೆಚ್ಚಾಗಿ ಬಯಸುವುದು ಪದರಪದರವಾಗಿ ಹರಡಿ, ಮೇಲೆ ಹಾಲಿನ ಸಾಸು ಸುರಿದು, ಹೊಂಬಣ್ಣ ಬರುವವರೆಗೆ ಒಣಕಾವಿನಲ್ಲಿ ಬೇಯಿಸಿದ ಬಗೆಯನ್ನು. ಆಗ ತಾಯಿ ಕೊಡುವ ಉತ್ತರವನ್ನು ನಾವೆಲ್ಲರೂ ಕೇಳಿರುವೆವು: "ನಮ್ಮ ಮನೆಯಲ್ಲಿ ಓವನ್ ಇಲ್ಲವಲ್ಲ ಮಗಳೇ." ಇಷ್ಟಕ್ಕೆ ಮಾತು ಮುಗಿಯುತ್ತದೆ. ಮಗಳು ಪಟ್ಟಣಕ್ಕೆ ಹಿಂದಿರುಗಿ, ತಟ್ಟೆಯೊಂದಕ್ಕೆ ಮನೆಮಂದಿಯ ಒಂದು ಹೊತ್ತಿನ ಊಟದ ಬೆಲೆ ತೆತ್ತು ಅದನ್ನು ತಿನ್ನುವಳು. ಮನೆಯ ಅಡಿಗೆಗೂ ಮಗಳ ರುಚಿಗೂ ನಡುವೆ ಹೀಗೆ ಒಂದು ಗೋಡೆ ಏಳುವುದು. ಈ ಗೋಡೆ ಅನಾವಶ್ಯಕವೆಂಬುದನ್ನು ತೋರಿಸುವುದೇ ಈ ಪಾಠದ ಉದ್ದೇಶವಾಗಿದೆ.

ಮೊದಲು ಧಾನ್ಯದ ವಿಚಾರ. ಪಾಸ್ತಾ ಎಂದರೆ ಗಟ್ಟಿ ಗೋಧಿಯ ರವೆಯನ್ನು ನೀರಿನಲ್ಲಿ ನಾದಿ ಆಕಾರ ಕೊಟ್ಟ ಹಿಟ್ಟು, ಅಷ್ಟೆ. ಈ ಗೋಧಿಗೆ ಡ್ಯೂರಂ ಎಂದು ಹೆಸರು. ಇದು ಇಟಲಿಗೆ ಮಾತ್ರ ಸೇರಿದ ಧಾನ್ಯವೆಂದು ತಿಳಿಯಬಾರದು. ಧಾರವಾಡ, ಬಿಜಾಪುರ, ಬೆಳಗಾವಿ ಸೀಮೆಗಳ ಕಪ್ಪು ಭೂಮಿಯಲ್ಲಿ ಹಿಂಗಾರಿ ಬೆಳೆಯಾಗಿ ಇದನ್ನು ಬಹುಕಾಲದಿಂದ ಬೆಳೆಯುತ್ತಿರುವರು. ಅಂಗಡಿಯಲ್ಲಿ ನಾವು ಉಪ್ಪಿಟ್ಟಿಗೆಂದು ಕೊಳ್ಳುವ ಬನ್ಸಿ ರವೆ ಇದೇ ಗೋಧಿಯದು. ಉತ್ತರ ಕರ್ನಾಟಕದ ಹೆಂಗಸರು ಬೇಸಗೆಯಲ್ಲಿ ಶಾವಿಗೆ ಮಣೆಯ ಮುಂದೆ ಕುಳಿತು, ಈ ಗೋಧಿಯ ಇಲ್ಲವೆ ಅದರ ಬಳಗಕ್ಕೆ ಸೇರಿದ ಜವೆಗೋಧಿಯ ಹಿಟ್ಟನ್ನು ಎಳೆಎಳೆಯಾಗಿ ಹೊಸೆದು ಬಿಸಿಲಿಗೆ ಒಣಗಿಸುವರು. ಸಿಸಿಲಿಯ ಹೆಂಗಸು ಮಾಡಿದ್ದೂ ಇದನ್ನೇ. ಕ್ರಿ. ಶ. 1154ರಲ್ಲಿ ಅಲ್ ಇದ್ರಿಸಿ ಎಂಬ ಅರಬ್ಬೀ ಭೂಗೋಳಶಾಸ್ತ್ರಜ್ಞನು ಸಿಸಿಲಿಯ ತ್ರಾಬಿಯಾ ಎಂಬ ಊರಿನಲ್ಲಿ ಇಂಥ ಒಣಶಾವಿಗೆಯನ್ನು ಮಾಡಿ ಹಡಗುಗಳಲ್ಲಿ ಹೊರದೇಶಗಳಿಗೆ ಕಳುಹಿಸುತ್ತಿದ್ದರೆಂದು ಬರೆದಿರುವನು. ಮಾರ್ಕೋ ಪೋಲೋ ಚೀನಾದಿಂದ ಪಾಸ್ತಾವನ್ನು ತಂದನೆಂಬ ಕಥೆಯನ್ನು ಮಕ್ಕಳು ಹೇಳಿದರೆ ತಿದ್ದತಕ್ಕದ್ದು. ಅವನು ವೆನಿಸ್ಸಿಗೆ ಮರಳಿದ್ದು 1295ರಲ್ಲಿ.

ನಮ್ಮ ಕಡೂರು ಸೀಮೆಯಲ್ಲಿ ಶಾವಿಗೆಯೆಂದರೆ ಅಕ್ಕಿಯದು ಅಥವಾ ರಾಗಿಯದು. ಹಿಟ್ಟನ್ನು ಮೊದಲೇ ಮುದ್ದೆಯಾಗಿ ಬೇಯಿಸಿ, ಬಿಸಿಯಾಗಿರುವಾಗಲೇ ಶಾವಿಗೆ ಒರಳಿನಲ್ಲಿ ಒತ್ತುವೆವು. ಹಸಿಹಿಟ್ಟನ್ನೇ ಏಕೆ ಎಳೆಯುವುದಿಲ್ಲ? ಅಕ್ಕಿಯಲ್ಲಿಯೂ ರಾಗಿಯಲ್ಲಿಯೂ ಗ್ಲೂಟೆನ್ ಎಂಬ ಅಂಟು ಇಲ್ಲ. ಹಿಟ್ಟು ಬೆಂದ ಮೇಲೆಯೇ ಒಂದಕ್ಕೊಂದು ಹಿಡಿದುಕೊಳ್ಳುವುದು. ಗೋಧಿಯಲ್ಲಿ ಆ ಅಂಟು ಹುಟ್ಟಿನಿಂದಲೇ ಇರುವುದರಿಂದ ನೀರು ತಾಗಿ ನಾದಿದೊಡನೆ ಬಲೆಯಂತೆ ಹೆಣೆದುಕೊಳ್ಳುವುದು. ಡ್ಯೂರಂ ಗೋಧಿಯ ಅಂಟು ಬಿಗಿಯಾದದ್ದು, ಹೆಚ್ಚು ಹಿಗ್ಗದು. ಆದುದರಿಂದ ಅದರ ಪಾಸ್ತಾ ಎರಡು ಸಲ ಬೆಂದರೂ, ಒಮ್ಮೆ ನೀರಿನಲ್ಲಿ ಮತ್ತೊಮ್ಮೆ ಕಾವಿನಲ್ಲಿ, ಆಕಾರ ಕೆಡದೆ ನಿಲ್ಲುವುದು. ಮೈದಾಹಿಟ್ಟಿನ ಪಾಸ್ತಾ ಎರಡನೆಯ ಬೇಯುವಿಕೆಯಲ್ಲಿ ಗಂಜಿಯಾಗುವುದು. ಒಣ ಪಾಸ್ತಾವನ್ನು ಡ್ಯೂರಂ ರವೆಯಿಂದಲೇ ಮಾಡತಕ್ಕದ್ದೆಂದು ಇಟಲಿ ದೇಶವು 1967ರಲ್ಲಿ ಕಾಯಿದೆಯನ್ನೇ ಮಾಡಿತು. ಅಂಗಡಿಯಲ್ಲಿ ಪೊಟ್ಟಣವನ್ನು ಕೊಳ್ಳುವಾಗ ಮುಂಭಾಗದ ಚಿತ್ರವನ್ನು ಬಿಟ್ಟು ಹಿಂಭಾಗದ ಸಣ್ಣಕ್ಷರವನ್ನು ಓದಿರಿ. ಡ್ಯೂರಂ ಎಂದಿದ್ದರೆ ಕೊಳ್ಳಿರಿ. ಬರಿಯ ಮೈದಾ ಎಂದಿದ್ದರೆ ಅಲ್ಲಿಯೇ ಇಟ್ಟುಬಿಡಿರಿ.

ಪಾಸ್ತಾವನ್ನು ಮನೆಯಲ್ಲಿಯೇ ಮಾಡುವವರು 500 ಗ್ರಾಂ ಬನ್ಸಿ ರವೆಯನ್ನು ಗಿರಣಿಯಲ್ಲಿ ನುಣ್ಣಗೆ ಬೀಸಿಸಿ, ಸುಮಾರು 250 ಮಿಲಿಲೀಟರು ಬೆಚ್ಚನೆಯ ನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ, ಹತ್ತು ನಿಮಿಷ ಬಲವಾಗಿ ನಾದಬೇಕು. ಚಿರೋಟಿ ರವೆ ಬೇರೆ ಗೋಧಿಯದು. ಅದನ್ನು ಬಳಸಿ ಈ ಪಾಠವನ್ನು ದೂರಬೇಡಿರಿ. ನಾದಿದ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿ ಮುಕ್ಕಾಲು ಗಂಟೆ ಬಿಟ್ಟು, ಚಪಾತಿಗಿಂತ ತೆಳ್ಳಗೆ ಲಟ್ಟಿಸಿ, ಅಂಗೈಯಗಲದ ಪಟ್ಟಿಗಳಾಗಿ ಕತ್ತರಿಸತಕ್ಕದ್ದು. ಇದೇ ಲಸಾನ್ಯ. ಹಿಟ್ಟಿಗೆ ರಾಗಿಯನ್ನು ಸೇರಿಸಬಹುದೇ ಎಂದು ಹಲವರು ಕೇಳುವರು. ಸೇರಿಸಬಹುದು, ಆದರೆ ಕಾಲುಪಾಲಿಗೆ ಮೀರದಿರಲಿ. ಮೀರಿದರೆ ಪಟ್ಟಿ ನೀರಿನಲ್ಲಿ ಒಡೆಯುವುದು. ಇಷ್ಟು ಶ್ರಮಕ್ಕೆ ಬಿಡುವಿಲ್ಲದವರು ಕೊಳವೆಯಾಕಾರದ ಒಣ ಪಾಸ್ತಾವನ್ನು ಕೊಂಡರೆ ದೋಷವೇನೂ ಇಲ್ಲ. ಇಟಲಿಯ ಮನೆಗಳಲ್ಲಿಯೂ ವಾರದ ದಿನಗಳಲ್ಲಿ ಹಾಗೆಯೇ ನಡೆಯುವುದು.

ಎಂಟು ಮಂದಿಗೆ ಬೇಕಾಗುವ ಸಾಮಾನು: ಪಾಸ್ತಾ 500 ಗ್ರಾಂ, ಹಣ್ಣಾದ ಟೊಮೇಟೊ 2 ಕಿಲೋ, ಈರುಳ್ಳಿ 3, ಬೆಳ್ಳುಳ್ಳಿ 10 ಎಸಳು, ದೊಡ್ಡ ಬದನೆಕಾಯಿ ಮುಕ್ಕಾಲು ಕಿಲೋ, ಹಾಲು ಒಟ್ಟು ಒಂದೂಮುಕ್ಕಾಲು ಲೀಟರು, ಬೆಣ್ಣೆ 60 ಗ್ರಾಂ, ಮೈದಾ 60 ಗ್ರಾಂ, ಕಡಲೆಕಾಯಿ ಎಣ್ಣೆ, ನಿಂಬೆಹಣ್ಣು, ಉಪ್ಪು, ಕರಿಮೆಣಸು, ಚೂರು ಜಾಯಿಕಾಯಿ, ಒಂದು ಹಿಡಿ ಕಾಮಕಸ್ತೂರಿ ಎಲೆ. ಇಟಲಿಯವರು ಬಾಸಿಲಿಕೊ ಎನ್ನುವುದು ಈ ಕಾಮಕಸ್ತೂರಿಯನ್ನೇ. ತುಲಸಿಯ ಘಾಟು ಇದಕ್ಕೆ ಒಗ್ಗದು. ಈರುಳ್ಳಿಯ ವಿಷಯದಲ್ಲಿ ಅಜ್ಜಂಪುರ, ಕಡೂರು ಕಡೆಯವರಿಗೆ ನಾವು ಹೇಳತಕ್ಕದ್ದೇನಿದೆ!

ಟೊಮೇಟೊ ಗೊಜ್ಜು ಮೊದಲಾಗಲಿ. ಎಣ್ಣೆಯಲ್ಲಿ ಈರುಳ್ಳಿಯನ್ನು ಕೆಂಪಾಗಿಸದೆ ಮೆತ್ತಗಾಗುವಂತೆ ಬಾಡಿಸಿ, ಬೆಳ್ಳುಳ್ಳಿ ಹಾಕಿ, ಹೆಚ್ಚಿದ ಟೊಮೇಟೊ ಸೇರಿಸಿ, ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಬೇಕು. ಹುಣಿಸೆ, ಬೆಲ್ಲ, ಸಾರಿನ ಪುಡಿ ಬೇಡ. ಟೊಮೇಟೊ ಇಟಲಿಗೂ ಪರದೇಶದ್ದೇ. 16ನೆಯ ಶತಮಾನದಲ್ಲಿ ಅಮೆರಿಕಾ ಖಂಡದಿಂದ ಬಂದದ್ದು. ಅದಕ್ಕೂ ಮುಂಚಿನ, 14ನೆಯ ಶತಮಾನದ ಆದಿಭಾಗದ ಲ್ಯಾಟಿನ್ ಪಾಕಗ್ರಂಥವೊಂದರಲ್ಲಿ ಲಸಾನ್ಯದ ವಿಧಾನವಿದೆ. ಅಲ್ಲಿ ಬೇಯಿಸಿದ ಪಟ್ಟಿಗಳ ನಡುವೆ ತುರಿದ ಚೀಸನ್ನು ಹಾಕುವರು. ಪರದೇಶದ ಕಾಯನ್ನು ತಮ್ಮದನ್ನಾಗಿ ಮಾಡಿಕೊಳ್ಳುವುದಕ್ಕೆ ಅವರಿಗೆ ಇನ್ನೂರು ವರ್ಷ ಹಿಡಿಯಿತೆಂದರೆ, ಮೊದಲ ತುತ್ತಿಗೆ ಮುಖ ಸಿಂಡರಿಸುವ ನಮ್ಮ ಅಜ್ಜಿಯರನ್ನು ಆಕ್ಷೇಪಿಸುವುದು ಸರಿಯಲ್ಲ.

ಬದನೆಕಾಯಿಯನ್ನು ಬಿಲ್ಲೆಗಳಾಗಿ ಹೆಚ್ಚಿ, ಉಪ್ಪು ಸವರಿ, ನೀರು ಹಿಂಡಿ ಎಣ್ಣೆಯಲ್ಲಿ ಕರಿಯುವುದು ಸಿಸಿಲಿಯ ಪದ್ಧತಿ. ಮಾಂಸಾಹಾರಿಗಳು ಬದನೆಯ ಬದಲಿಗೆ ಕೈಮಾವನ್ನು ಗೊಜ್ಜಿನಲ್ಲಿಯೇ ಬೇಯಿಸಬಹುದು. ಬಿಳಿಯ ಸಾಸಿಗೆ ಬೆಣ್ಣೆಯಲ್ಲಿ ಮೈದಾವನ್ನು ಬಣ್ಣ ಬಾರದಂತೆ ಎರಡು ನಿಮಿಷ ಹುರಿದು, ಮುಕ್ಕಾಲು ಲೀಟರು ಹಾಲನ್ನು ಸ್ವಲ್ಪಸ್ವಲ್ಪವಾಗಿ ಎರೆಯುತ್ತ, ಗಂಟಾಗದಂತೆ ತಿರುವಿ ಕುದಿಸಿ, ಜಾಯಿಕಾಯಿಯನ್ನು ತೇಯ್ದು ಹಾಕತಕ್ಕದ್ದು. ಉಳಿದ ಒಂದು ಲೀಟರನ್ನು ನಿಂಬೆಯ ರಸದಿಂದ ಒಡೆಸಿ, ಬಟ್ಟೆಯಲ್ಲಿ ಸೋಸಿ, ಇನ್ನೂ ತೇವವಿರುವಾಗಲೇ ಉಪ್ಪು ಮೆಣಸು ಬೆರೆಸಿದರೆ ಅವರ ರಿಕೊತ್ತಾ ಎಂಬ ಚೀಸಿನ ಸ್ಥಾನವನ್ನು ಅದು ತುಂಬುವುದು.

ಮೇಲಿನ ಪದರಕ್ಕೆ ಚೀಸು ಬೇಕೆನ್ನುವವರು 100 ಗ್ರಾಂ ತುರಿದುಕೊಳ್ಳಲಿ. ಬೆಂಗಳೂರಿನಲ್ಲಿ ವಲ್ಲೊಂಬ್ರೋಸಾ ಶಾಖೆಯ ಬೆನೆಡಿಕ್ಟೀನ್ ಸನ್ಯಾಸಿಗಳು ಇಟಲಿಯ ಬಗೆಯ ಚೀಸುಗಳನ್ನು ಮಾಡಿ ಹೆಸರು ಪಡೆದರು. ಆದರೆ ಯಗಟಿಯ ಗೃಹಿಣಿಯು ಅದಕ್ಕಾಗಿ ಬಸ್ಸು ಹತ್ತಬೇಕಾಗಿಲ್ಲ. ದಕ್ಷಿಣ ಇಟಲಿಯ ಬಡವರು ಚೀಸಿಗೆ ಹಣವಿಲ್ಲದಾಗ ಹಳೆಯ ರೊಟ್ಟಿಯ ಪುಡಿಯನ್ನು ಎಣ್ಣೆಯಲ್ಲಿ ಹುರಿದು ಪಾಸ್ತಾದ ಮೇಲೆ ಉದುರಿಸುತ್ತಿದ್ದರು. ನಿನ್ನೆಯ ಬ್ರೆಡ್ಡನ್ನೋ ರಸ್ಕನ್ನೋ ಪುಡಿಮಾಡಿ, ಬೆಳ್ಳುಳ್ಳಿಯೊಡನೆ ಹುರಿದು ಉದುರಿಸಿ ನೋಡಿರಿ. ನಮ್ಮ ಅಭಿಪ್ರಾಯದಲ್ಲಿ ಅದು ಅಂಗಡಿಯ ಡಬ್ಬಿಯ ಚೀಸಿಗಿಂತ ರುಚಿ.

ಇನ್ನು ಈ ಅಡಿಗೆಯಲ್ಲಿ ಹೆಚ್ಚು ಮಂದಿ ಎಡವುವ ಸ್ಥಳಕ್ಕೆ ಬರುವೆವು. ಈ ಲೇಖಕಿಯೂ ಅಲ್ಲಿಯೇ ಎಡವಿದವಳು. ಮೊದಲ ಸಲ ಮಾಡಿದಾಗ ಪಾಸ್ತಾವನ್ನು ಪೂರ್ತಿ ಬೇಯಿಸಿ, ಗೊಜ್ಜನ್ನು ಚಟ್ನಿಯಂತೆ ಗಟ್ಟಿಮಾಡಿ, ಆಳವಾದ ಪಾತ್ರೆಯಲ್ಲಿ ನಾಲ್ಕು ಅಂಗುಲ ತುಂಬಿದ್ದಾಯಿತು. ಒಂದು ಗಂಟೆಯ ಮೇಲೆ ಮುಚ್ಚಳ ತೆಗೆದರೆ ಮೇಲ್ಭಾಗ ಕಪ್ಪು, ತಳ ಕಪ್ಪು, ನಡುವೆ ತಣ್ಣನೆಯ ಮುದ್ದೆ. ಹತ್ತು ಮಂದಿ ತಟ್ಟೆಯ ಮುಂದೆ ಕುಳಿತಿದ್ದರು. ಆ ರಾತ್ರಿ ಮಾನ ಉಳಿಸಿದ್ದು ರಾಗಿಮುದ್ದೆ ಮತ್ತು ಹುರುಳಿಯ ಸಾರು.

ಈ ಸೋಲಿಗೆ ಮೂರು ಕಾರಣಗಳಿದ್ದವು. ಪಾಸ್ತಾ ಕಾವಿನಲ್ಲಿದ್ದಷ್ಟು ಹೊತ್ತೂ ಸಾಸಿನ ನೀರನ್ನು ಕುಡಿಯುತ್ತಲೇ ಇರುವುದು. ಪೂರ್ತಿ ಬೆಂದದ್ದು ಮತ್ತಷ್ಟು ಕುಡಿದು ಮುದ್ದೆಯಾಗುವುದು. ಆದಕಾರಣ ಪೊಟ್ಟಣದ ಮೇಲೆ ಹನ್ನೆರಡು ನಿಮಿಷವೆಂದಿದ್ದರೆ ಎಂಟೇ ನಿಮಿಷಕ್ಕೆ ಬಸಿಯಬೇಕು. ಕಚ್ಚಿದರೆ ನಡುವೆ ಬಿಳಿಯ ಚುಕ್ಕೆ ಕಾಣಬೇಕು. ಹಸಿಪಟ್ಟಿಗಳಿಗೆ ಒಂದೆರಡು ನಿಮಿಷ ಸಾಕು. ಸಾಸುಗಳೆರಡೂ ನಮ್ಮ ಕಣ್ಣಿಗೆ ತೆಳುವಾಗಿ ಕಾಣುವಷ್ಟು ಸಡಿಲವಾಗಿರಲಿ, ಸೌಟಿನಿಂದ ಧಾರೆಯಾಗಿ ಬೀಳಲಿ. ಸಡಿಲಗೊಳಿಸುವುದಕ್ಕೆ ಪಾಸ್ತಾ ಬೇಯಿಸಿದ ಗಂಜಿನೀರನ್ನೇ ಬಳಸಿರಿ. ನೀರಿಗೆ ಬರಗಾಲವಿರುವ ನಮ್ಮ ಸೀಮೆಯಲ್ಲಿ ಅದನ್ನು ಚೆಲ್ಲುವುದು ಹೇಗೂ ಸಲ್ಲದು. ಮೂರನೆಯದಾಗಿ, ಪಾತ್ರೆ ಅಗಲವಾಗಿರಬೇಕು, ತುಂಬಿದ ದಪ್ಪ ಎರಡೂವರೆ ಅಂಗುಲಕ್ಕೆ ಮೀರಬಾರದು. ಪಾಸ್ತಾದ ಮೂಲಕ ಕಾವು ಬಹಳ ನಿಧಾನವಾಗಿ ಒಳನುಗ್ಗುವುದು.

ಒಂದಡಿಗೆ ಸ್ವಲ್ಪ ಕಡಮೆ ಅಗಲದ ದಪ್ಪ ತಳದ ಪಾತ್ರೆಗೆ ಎಣ್ಣೆ ಸವರಿ, ಮೊದಲು ಒಂದು ಸೌಟು ಗೊಜ್ಜು, ಮೇಲೆ ಪಾಸ್ತಾ, ಗೊಜ್ಜು, ಬದನೆ, ಒಡೆದ ಹಾಲು, ಕಾಮಕಸ್ತೂರಿ, ಬಿಳಿಯ ಸಾಸು, ಹೀಗೆ ಮೂರು ಸುತ್ತು. ಕಡೆಯ ಪದರ ಬಿಳಿಯ ಸಾಸಿನದೇ ಆಗಿರಲಿ. ಪಾಸ್ತಾದ ಮೂಲೆಯೊಂದು ಹೊರಗಿಣುಕಿದರೂ ಅದು ಒಣಗಿ ಹಲ್ಲಿಗೆ ಕಲ್ಲಾಗುವುದು.

ಈಗ ಓವನಿನ ಪ್ರಶ್ನೆ. ಓವನ್ ಇದ್ದವರು 190 ಡಿಗ್ರಿ ಸೆಂಟಿಗ್ರೇಡಿನಲ್ಲಿ 35 ನಿಮಿಷ ಇಟ್ಟರೆ ಮುಗಿಯಿತು. ಇಲ್ಲದವರು ನಿರಾಶರಾಗಬೇಕಾಗಿಲ್ಲ. 16ನೆಯ ಶತಮಾನದ ಆದಿಭಾಗದಲ್ಲಿ ನಮ್ಮ ಮೂರನೆಯ ಮಂಗರಸನು ರಚಿಸಿದ ಸೂಪಶಾಸ್ತ್ರವೆಂಬ ಕನ್ನಡ ಪಾಕಗ್ರಂಥದಲ್ಲಿ, ಎರಡು ಪಾತ್ರೆಗಳ ನಡುವೆ ಹಿಟ್ಟನ್ನಿಟ್ಟು ಮೇಲೂ ಕೆಳಗೂ ಕೆಂಡ ಹಾಕಿ ಬೇಯಿಸುವ ಮುಚ್ಚಳರೊಟ್ಟಿಯ ಪ್ರಸ್ತಾಪವಿದೆ. ಇಟಲಿಯ ಅಬ್ರುತ್ಸೊ ಪ್ರಾಂತದಲ್ಲಿಯೂ ಕೊಪ್ಪೊ ಎಂಬ ಮುಚ್ಚಳದ ಮೇಲೆ ಕೆಂಡ ಹರಡಿ ಬೇಯಿಸುವ ಹಳೆಯ ರೂಢಿಯುಂಟು. ಆದ್ದರಿಂದ ಕೆಂಡದ ಅಡಿಗೆಯನ್ನು ಓವನಿಲ್ಲದವರ ಉಪಾಯವೆಂದು ಕೀಳಾಗಿ ಕಾಣುವುದು ಎರಡು ದೇಶಗಳ ಅಜ್ಜಿಯರಿಗೂ ಅವಮಾನ.

ತೆಂಗಿನ ಸೀಮೆಯಾದ ಯಗಟಿಯಲ್ಲಿ ಕರಟಕ್ಕೆ ಕೊರತೆಯಿಲ್ಲ. ಕರಟದ ಕೆಂಡ ಬಿಸಿಯೂ ಹೌದು, ಬಹಳ ಹೊತ್ತು ಬಾಳುವುದೂ ಹೌದು. ಅಗಲವಾದ ಹಳೆಯ ಬಾಂಡಲಿಯಲ್ಲಿ ಒಂದಂಗುಲ ಮರಳು ಹಾಸಿ, ಅದರ ಮೇಲೆ ಮೂರು ಓಡಿನ ಚೂರುಗಳನ್ನಿಟ್ಟು, ಅವುಗಳ ಮೇಲೆ ಪಾಸ್ತಾದ ಪಾತ್ರೆಯನ್ನು ಕೂರಿಸಿರಿ. ಪಾತ್ರೆಯ ತಳ ಮರಳಿಗೆ ತಾಗದಿರಲಿ. ಅಂಚುಳ್ಳ ಕಬ್ಬಿಣದ ತಟ್ಟೆಯಿಂದ ಬಾಂಡಲಿಯನ್ನು ಮುಚ್ಚಿ, ಇದ್ದ ಕೆಂಡದಲ್ಲಿ ಮೂರರಲ್ಲೆರಡು ಪಾಲನ್ನು ಮುಚ್ಚಳದ ಮೇಲೆಯೂ ಒಂದು ಪಾಲನ್ನು ಬಾಂಡಲಿಯ ಕೆಳಗೂ ಹರಡಬೇಕು. ಹೊಸಬರು ಇದನ್ನು ತಲೆಕೆಳಗು ಮಾಡಿ ತಳ ಸೀಯಿಸುವರು. ಬಿಸಿಗಾಳಿ ತಾನಾಗಿ ಮೇಲೇರುವುದರಿಂದ ಕೆಳಗೆ ಕೊಂಚ ಸಾಕು. ಬಣ್ಣ ಬರಿಸತಕ್ಕದ್ದು ಮೇಲಿನ ಕೆಂಡ. ನಲವತ್ತು ನಿಮಿಷಕ್ಕೆ ಒಮ್ಮೆ ತೆರೆದು ನೋಡಿರಿ, ಅದಕ್ಕೆ ಮುಂಚೆ ಬೇಡ. ಅಂಚಿನಲ್ಲಿ ಗುಳ್ಳೆ ಏಳುತ್ತಿದ್ದು, ನಡುವಿಗೆ ಚುಚ್ಚಿದ ಚಾಕು ಬಿಸಿಯಾಗಿ ಹೊರಬಂದರೆ ಬೆಂದಿದೆಯೆಂದು ತಿಳಿಯತಕ್ಕದ್ದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಕೆಲಸವನ್ನು ಹಿತ್ತಲಿನಲ್ಲಿ ಅಥವಾ ತೆರೆದ ಅಂಗಳದಲ್ಲಿಯೇ ಮಾಡಿರಿ. ಹೊಗೆಯಿಲ್ಲದ ಕೆಂಡ ನಿರಪಾಯವೆಂಬ ಭ್ರಮೆ ಅನೇಕರಲ್ಲಿದೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಮೊದಲು ತಲೆನೋವು, ಬಳಿಕ ಮಂಪರು ತಂದು, ಮಲಗಿದವರನ್ನು ಏಳಿಸದು. ಮಳೆ ಬಂತೆಂದು ಬಾಂಡಲಿಯನ್ನು ಒಳಕೋಣೆಗೆ ತರಬೇಡಿರಿ. ಅಂಥ ದಿನ ಗ್ಯಾಸಿನ ಒಲೆಯ ಮೇಲೆ ಇದೇ ಮರಳಿನ ಬಾಂಡಲಿಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿದರೂ ಆಗುವುದು. ಮೇಲೆ ಹೊಂಬಣ್ಣ ಮಾತ್ರ ಬಾರದು. ಹುರಿದ ಬ್ರೆಡ್ಡಿನ ಪುಡಿಯನ್ನು ಕಡೆಯಲ್ಲಿ ಉದುರಿಸಿ ಆ ಕೊರತೆಯನ್ನು ಮುಚ್ಚಬಹುದು.

ಇಳಿಸಿದೊಡನೆ ಕತ್ತರಿಸಬಾರದು. ಮಕ್ಕಳು ಎಷ್ಟೇ ಅವಸರಪಡಿಸಲಿ, ಕಾಲು ಗಂಟೆ ಮುಚ್ಚಿಡಿರಿ. ಹರಿದಾಡುವ ಸಾಸು ಅಷ್ಟರಲ್ಲಿ ಪದರಗಳೊಳಗೆ ನಿಂತು, ತುಂಡು ತುಂಡಾಗಿಯೇ ಎದ್ದು ಬರುವುದು. ಎಂಟು ಮಂದಿ ಉಂಡು ಒಂದೆರಡು ತುಂಡು ಉಳಿದರೆ, ತಣಿದ ಮೇಲೆ ಫ್ರಿಜ್ಜಿನಲ್ಲಿಟ್ಟು ಮರುದಿನ ಬೆಳಗ್ಗೆ ದೋಸೆಯ ಹೆಂಚಿನ ಮೇಲೆ ಎರಡು ಹನಿ ಎಣ್ಣೆ ಬಿಟ್ಟು, ಎರಡು ಮಗ್ಗುಲೂ ಗರಿಗರಿಯಾಗುವಂತೆ ಕಾಯಿಸಿರಿ. ಹಿಂದಿನ ರಾತ್ರಿ ಬೇಡವೆಂದ ಅಜ್ಜಿಯರೂ ಅದನ್ನು ಕೇಳಿ ಹಾಕಿಸಿಕೊಂಡದ್ದನ್ನು ನಾವು ಕಂಡಿರುವೆವು.