ಕಾಲು ಮೈಲಿಯ ಖರ್ಚು

"ಡ್ರ್ಯಾಗ್ ರೇಸಿಗೆ ಇಳೀಬೇಕು ಸರ್, ಎಷ್ಟಾಗುತ್ತೆ?" ಎಂದು ಕೇಳುವ ಹುಡುಗರು ಬಹುತೇಕ ಗಾಡಿಯ ಬೆಲೆಯನ್ನಷ್ಟೇ ಕೇಳುತ್ತಿರುತ್ತಾರೆ. ಅದನ್ನು ಹೇಳುವುದು ಸುಲಭ. ಸಂಬಳದ ಮೇಲೆ ಬದುಕುವವನಿಗೆ ಈ ಹವ್ಯಾಸ ಭಾರವಾಗುವುದು ಗಾಡಿ ಕೊಂಡ ಮೇಲೆ. ಪ್ರತಿ ಸ್ಪರ್ಧೆಗೂ ಹಣ ಮತ್ತೆ ಹೊರಡುತ್ತದೆ, ಮತ್ತೆ ಅಷ್ಟೇ ಹೊರಡುತ್ತದೆ. ಆ ಲೆಕ್ಕವನ್ನು ಮೊದಲೇ ಹಾಕದೆ ಇಳಿದವರು ಒಂದೇ ವರ್ಷದಲ್ಲಿ ಗಾಡಿ ಮಾರಿ ಹೋದದ್ದನ್ನು ಕಂಡಿದ್ದೇನೆ. ಇಷ್ಟು ಒಳ್ಳೆಯ ಆಟದಿಂದ ಹುಡುಗರು ಹಾಗೆ ಸೋತು ಹೋಗುವುದು ನನಗೆ ಬೇಸರದ ಸಂಗತಿ. ಆದ್ದರಿಂದ ನನ್ನ ಖರ್ಚಿನ ಪುಸ್ತಕವನ್ನೇ ಇಲ್ಲಿ ಬಿಚ್ಚಿಡುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ನೇರ ದಾರಿ, ಅಕ್ಕಪಕ್ಕ ಎರಡು ಗಾಡಿ, ಎದುರಿಗೆ ದೀಪದ ಕಂಬ. ಹಸಿರು ಬಿದ್ದ ಕ್ಷಣಕ್ಕೆ ಕ್ಲಚ್ ಬಿಡಬೇಕು. ಅದಕ್ಕೂ ಮೊದಲು ಹೊರಟರೆ ಕೆಂಪು ದೀಪ, ಓಟ ಮುಗಿಯಿತು. ಕಾಲು ಮೈಲಿ, ಅಂದರೆ 402 ಮೀಟರ್, ಈ ಆಟದ ಹಳೆಯ ಅಳತೆ. ನಮ್ಮಲ್ಲಿ ಇದನ್ನು ನಡೆಸುವ ಅಧಿಕಾರ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟವಾದ ಎಫ್ಎಂಎಸ್‌ಸಿಐಗೆ ಸೇರಿದ್ದು. ಬೆಂಗಳೂರಿನ ಹೇಮಂತ್ ಮುದ್ದಪ್ಪ ದೊಡ್ಡ ಸೂಪರ್‌ಬೈಕ್‌ಗಳಲ್ಲಿ ಹಲವು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಮೇಲೆ ನಮ್ಮ ಕಡೆಯ ಹುಡುಗರ ಕಣ್ಣು ಹಯಬೂಸಾ ಮೇಲೆ ನೆಟ್ಟಿದೆ. ಅದರ ಎಕ್ಸ್ ಶೋರೂಂ ಬೆಲೆಯೇ 16 ಲಕ್ಷ ದಾಟುತ್ತದೆ. ಹವ್ಯಾಸಿಗಳು ಅದನ್ನು ಬದಿಗಿಟ್ಟು 165 ಸಿಸಿ ಮಿತಿಯ ಸಣ್ಣ ವರ್ಗಗಳನ್ನು ನೋಡುವುದು ಒಳ್ಳೆಯದು.

ನಾನು ಆರಿಸಿಕೊಂಡಿದ್ದು ಟೂ ಸ್ಟ್ರೋಕ್, ಯಮಹಾ ಆರ್‌ಎಕ್ಸ್ 135. ಆ ಸದ್ದಿನ ಮೇಲಿನ ಪ್ರೀತಿಗೆ ಬಿದ್ದು ಆರಿಸಿದೆ, ಅದಕ್ಕೆ ತೆತ್ತ ಬೆಲೆಯ ಬಗ್ಗೆ ಬೇಸರವೂ ಇಲ್ಲ. ಆದರೆ ಹೊಸಬರಿಗೆ ಅದನ್ನು ಶಿಫಾರಸು ಮಾಡಲಾರೆ. ಅದೇ ಕುಟುಂಬದ ಆರ್‌ಎಕ್ಸ್ 100 ತಯಾರಿಕೆ 1996ಕ್ಕೇ ನಿಂತಿತು. ಒಳ್ಳೆಯ ಕಾಗದಪತ್ರ ಇರುವ ಆರ್‌ಎಕ್ಸ್‌ಗಳ ಬೆಲೆ ಈಗ ಅಭಿಮಾನದ ಬೆಲೆ. ನನ್ನ ಗಾಡಿಗೆ ₹75,000 ಕೊಟ್ಟೆ. ಎಂಜಿನ್ ಕೆಲಸ, ಕಾರ್ಬ್, ಎಕ್ಸ್‌ಪ್ಯಾನ್ಷನ್ ಚೇಂಬರ್, ಸ್ಪ್ರಾಕೆಟ್, ಟೈರ್ ಎಲ್ಲ ಸೇರಿ ಮತ್ತೆ ₹68,000 ಆಯಿತು. ಇದೇ ಹಣದಲ್ಲಿ ಪಲ್ಸರ್, ಅಪಾಚೆಯಂಥ ಫೋರ್ ಸ್ಟ್ರೋಕ್ ಗಾಡಿಯೊಂದನ್ನು ಸಿದ್ಧ ಮಾಡಿ, ಮೇಲೆ ಒಂದಷ್ಟು ಉಳಿಸಬಹುದಿತ್ತು. ಅವುಗಳ ಬಿಡಿಭಾಗ ಪ್ರತಿ ತಾಲ್ಲೂಕಿನ ಅಂಗಡಿಯಲ್ಲೂ ಸಿಗುತ್ತದೆ, ಎಂಜಿನ್ ಕೂಡ ಹೆಚ್ಚು ಕಾಲ ತಾಳುತ್ತದೆ.

ಹಣ ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಾರೆ ಕಾಣಬೇಕಾದರೆ ಮೆಕ್ಯಾನಿಕ್ ಪಕ್ಕ ಒಂದು ದಿನ ಕೂರಬೇಕು. ನನ್ನ ಗಾಡಿಯ ಮೆಕ್ಯಾನಿಕ್ ಭಾಯ್ ಬ್ಲಾಕ್ ಬಿಚ್ಚಿ, ಒಳಗೆ ಕಾಗದ ಸುತ್ತಿ, ಬೆರಳಲ್ಲಿ ಉಜ್ಜಿ ಪೋರ್ಟ್‌ಗಳ ಅಚ್ಚು ತೆಗೆಯುತ್ತಾರೆ. ಆ ಕಾಗದವನ್ನು ಬೆಂಚಿನ ಮೇಲೆ ಹರಡಿ, ಎಕ್ಸಾಸ್ಟ್ ಪೋರ್ಟ್‌ನ ಮೇಲಂಚನ್ನು ಎಷ್ಟು ಎತ್ತಬೇಕು ಎಂದು ಪೆನ್ಸಿಲಿನಲ್ಲಿ ಗೆರೆ ಹಾಕುತ್ತಾರೆ. "ಅಣ್ಣ, ಜಾಸ್ತಿ ಎತ್ತಿದ್ರೆ ಮೇಲೆ ಓಡುತ್ತೆ, ಕೆಳಗೆ ಪಿಕಪ್ ಸತ್ತೋಗುತ್ತೆ" ಎಂದು ಹೇಳಿ ಅರ್ಧ ಮಿಲಿಮೀಟರಿಗೂ ಯೋಚನೆ ಮಾಡುತ್ತಾರೆ. ಗ್ರೈಂಡರ್ ಇಟ್ಟ ಮೇಲೆ ಹೋದ ಲೋಹ ವಾಪಸ್ ಬರುವುದಿಲ್ಲ. ಈ ಕೈಕೆಲಸಕ್ಕೆ ಕೊಡುವ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಹೊಳೆಯುವ ಬಣ್ಣ, ಸ್ಟಿಕ್ಕರ್, ಆಮದು ಹ್ಯಾಂಡಲ್ ಗ್ರಿಪ್‌ಗಳಲ್ಲಿ ಎಷ್ಟು ಬೇಕಾದರೂ ಕೈ ಬಿಗಿಹಿಡಿಯಿರಿ.

ಮೈಮೇಲಿನ ಗೇರ್‌ಗೆ ನನಗೆ ₹76,000 ಹಿಡಿಯಿತು. ಹೆಲ್ಮೆಟ್ 18,000, ಒಂದೇ ತುಂಡಿನ ಲೆದರ್ ಸೂಟ್ 35,000, ಬೂಟು 12,000, ಗ್ಲೌಸ್ 5,000, ಬೆನ್ನಿನ ಪ್ರೊಟೆಕ್ಟರ್ 6,000. ಗಾಡಿಯ ಬೆಲೆಗೂ ಇದಕ್ಕೂ ವ್ಯತ್ಯಾಸವೇ ಇಲ್ಲ ಎಂದು ಮನೆಯಲ್ಲಿ ಎಲ್ಲರೂ ಹುಬ್ಬೇರಿಸಿದರು. ಆದರೂ ನಾನು ಮೊದಲು ಕೊಂಡಿದ್ದು ಇದನ್ನೇ, ಗಾಡಿ ಆಮೇಲೆ. ಸೂಟ್ ಬೇಕಾದರೆ ಸೆಕೆಂಡ್ ಹ್ಯಾಂಡ್ ಕೊಳ್ಳಿ, ಹೊಲಿಗೆ ಮತ್ತು ಭುಜ, ಮೊಣಕೈ ಪ್ಯಾಡ್‌ಗಳನ್ನು ಹಿಡಿದು ನೋಡಿ. ಹೆಲ್ಮೆಟ್ ಮಾತ್ರ ಹೊಸದೇ ಆಗಬೇಕು; ಒಮ್ಮೆ ನೆಲಕ್ಕೆ ಬಡಿದ ಹೆಲ್ಮೆಟ್ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಸ್ಪರ್ಧೆಗೆ ಮುಂಚೆ ತಪಾಸಣೆ ಇರುತ್ತದೆ. ಹೆಲ್ಮೆಟ್‌ನ ಪ್ರಮಾಣಪತ್ರದ ಸ್ಟಿಕ್ಕರ್, ಬಿದ್ದರೆ ಎಂಜಿನ್ ನಿಲ್ಲಿಸುವ, ಮಣಿಕಟ್ಟಿಗೆ ಕಟ್ಟುವ ಕಿಲ್ ಸ್ವಿಚ್ ದಾರ, ಆಯಿಲ್ ಬೋಲ್ಟ್‌ಗೆ ಸುತ್ತಿದ ಲಾಕ್ ವೈರ್ ಎಲ್ಲವನ್ನೂ ನೋಡುತ್ತಾರೆ. ಕೆಲವೇ ನೂರು ರೂಪಾಯಿಯ ತಂತಿ, ಸ್ವಿಚ್ಚಿಲ್ಲದೆ ಲಕ್ಷದ ಗಾಡಿ ಬದಿಗೆ ನಿಲ್ಲುತ್ತದೆ.

ಇನ್ನು ಮರುಕಳಿಸುವ ಖರ್ಚು. ಬೆಂಗಳೂರಿನಿಂದ ಸ್ಪರ್ಧೆಗೆ ಹೋಗುವುದೆಂದರೆ ನನಗೆ ಶ್ರೀಪೆರಂಬುದೂರಿನ ಪಕ್ಕದ ಇರುಂಗಾಟ್ಟುಕೋಟ್ಟೈ, ಅಲ್ಲಿನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಸುಮಾರು 300 ಕಿ.ಮೀ. ರೇಸಿಗೆಂದು ಬದಲಿಸಿದ ಗಾಡಿಯನ್ನು ರಸ್ತೆಯಲ್ಲಿ ಓಡಿಸುವಂತಿಲ್ಲವಾದ್ದರಿಂದ ಟಾಟಾ ಏಸ್ ಬಾಡಿಗೆಗೆ ಹಿಡಿಯಬೇಕು. ಇನ್ನೊಬ್ಬರ ಗಾಡಿಯನ್ನೂ ಹೇರಿಕೊಂಡು ಹಂಚಿಕೊಂಡರೆ ನನ್ನ ಪಾಲು ₹8,000. ಭಾಯ್‌ಗೆ ದಿನದ ಕೂಲಿ, ಇಬ್ಬರ ರೂಮು, ಊಟ, ಪ್ರವೇಶ ಶುಲ್ಕ, ಲೀಟರಿಗೆ ₹160ರ ಆಸುಪಾಸಿನ 100 ಆಕ್ಟೇನ್ ಪೆಟ್ರೋಲ್, 2ಟಿ ಆಯಿಲ್. ವಾಪಸ್ ಬಂದ ಮೇಲೆ ಎಂಜಿನ್ ಬಿಚ್ಚಿ ರಿಂಗು, ಕ್ಲಚ್ ಪ್ಲೇಟ್ ನೋಡುವ ಕೆಲಸ. ಎಲ್ಲ ಕೂಡಿ ಒಂದು ಸುತ್ತಿಗೆ ₹28,000ದಿಂದ ₹30,000. ರೇಸಿಂಗ್ ಲೈಸೆನ್ಸ್ ಪ್ರತಿ ವರ್ಷ ನವೀಕರಿಸಬೇಕು, ಅದರ ಜೊತೆಗೆ ವೈದ್ಯಕೀಯ ಪ್ರಮಾಣಪತ್ರವೂ ಬೇಕು.

ಅಲ್ಲಿಗೆ ಹೋದ ಬೆಂಗಳೂರಿನ ಟೂ ಸ್ಟ್ರೋಕ್‌ಗಳಿಗೆ ಇನ್ನೊಂದು ಖರ್ಚು ಕಾದಿರುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ತೆಳು. ಚೆನ್ನೈ ಕಡೆಗೆ ಇಳಿದಂತೆ ಗಾಳಿ ದಟ್ಟವಾಗುತ್ತದೆ, ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಬೇಕಾಗುತ್ತದೆ. ಇಲ್ಲಿ ಸರಿಯಾಗಿ ಕೂತಿದ್ದ ಮೇನ್ ಜೆಟ್ ಅಲ್ಲಿ ಸಾಲದೆ ಪಿಸ್ಟನ್ ಕಾದು ಬ್ಲಾಕಿಗೆ ಕಚ್ಚಿಕೊಳ್ಳುತ್ತದೆ. ಒಂದೆರಡು ಸೈಜ್ ದೊಡ್ಡ ಜೆಟ್‌ಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಿ, ಓಡಿದ ಮೇಲೆ ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಿದರೆ ಸಾವಿರಾರು ರೂಪಾಯಿ ಉಳಿಯುತ್ತದೆ.

ನನ್ನ ಹೆಂಡತಿ ಗಾಡಿಯ ಬೆಲೆ ಕೇಳಲೇ ಇಲ್ಲ. "ಬಿದ್ರೆ ಆಸ್ಪತ್ರೆ ಬಿಲ್ ಯಾರು ಕಟ್ತಾರೆ ರೀ?" ಎಂದಳು. ಉತ್ತರ ಹುಡುಕಲು ಪಾಲಿಸಿಗಳನ್ನೆಲ್ಲ ತೆಗೆದು ಕೂತೆ. ಗಾಡಿಯ ವಿಮೆಯಲ್ಲಿ ಸಂಘಟಿತ ರೇಸ್ ಮತ್ತು ವೇಗ ಪರೀಕ್ಷೆ ಸ್ಪಷ್ಟವಾಗಿ ಹೊರಗಿವೆ, ಅಲ್ಲಿ ಆದ ಹಾನಿಗೆ ಬಿಡಿಗಾಸೂ ಬರುವುದಿಲ್ಲ. ಆರೋಗ್ಯ ವಿಮೆಯಲ್ಲಿ ವಿಮಾ ನಿಯಂತ್ರಕ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ಎಂದು ಗೊತ್ತುಮಾಡಿದ ವಾಕ್ಯವಿದೆ: ಮೋಟಾರ್ ರೇಸಿಂಗ್‌ನಂಥ ಅಪಾಯಕಾರಿ ಆಟದಲ್ಲಿ ವೃತ್ತಿಪರರಾಗಿ ಭಾಗವಹಿಸಿ ಆದ ಗಾಯದ ಚಿಕಿತ್ಸೆಗೆ ಹಣವಿಲ್ಲ. "ವೃತ್ತಿಪರ" ಎಂಬ ಆ ಮಾತಿನಲ್ಲಿ ಹವ್ಯಾಸಿಗೆ ದಾರಿ ಇದೆ, ಆದರೆ ಅದನ್ನು ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ವಾದಿಸುವ ಸ್ಥಿತಿ ಯಾರಿಗೂ ಬೇಡ. ವಿಮಾ ಕಂಪನಿಗೆ ಮುಂಚೆಯೇ ಇಮೇಲ್ ಬರೆದು, ಬಂದ ಉತ್ತರವನ್ನು ಪಾಲಿಸಿಯ ಜೊತೆ ಇಟ್ಟುಕೊಳ್ಳಿ. ವೈಯಕ್ತಿಕ ಅಪಘಾತ ವಿಮೆಯ ಷರತ್ತುಗಳು ಸಾಮಾನ್ಯವಾಗಿ ಇನ್ನೂ ಬಿಗಿ, ಒಂದೊಂದು ಸಾಲನ್ನೂ ಓದಿ. ಟರ್ಮ್ ವಿಮೆಯ ಅರ್ಜಿಯಲ್ಲಿ ಅಪಾಯಕಾರಿ ಹವ್ಯಾಸ ಇದೆಯೇ ಎಂದು ಕೇಳುತ್ತಾರೆ. ಇದೆ ಎಂದು ಬರೆಯಿರಿ. ಪ್ರೀಮಿಯಂ ಸ್ವಲ್ಪ ಹೆಚ್ಚಿದರೂ ಸರಿ, ಹೆಂಡತಿ ಮಕ್ಕಳು ಕ್ಲೇಮಿಗಾಗಿ ಅಲೆಯುವಂತಾಗಬಾರದು.

ಈಗ ಕೂಡಿಸಿ. ಗಾಡಿ, ಕೆಲಸ, ಗೇರ್ ಸೇರಿ ₹2,19,000. ಮೂರು ಸುತ್ತು ಓಡಿದರೆ ಇನ್ನೊಂದು ಎಂಬತ್ತು, ತೊಂಬತ್ತು ಸಾವಿರ. ಮೊದಲ ವರ್ಷಕ್ಕೆ ಮೂರು ಲಕ್ಷ ದಾಟಿತು. ಬಹುಮಾನದ ಹಣವನ್ನು ಈ ಲೆಕ್ಕದಲ್ಲಿ ಹಿಡಿಯಲೇಬೇಡಿ. ಇದೇ ಮೂರು ಲಕ್ಷವನ್ನು ಶೇ 14ರ ಬಡ್ಡಿಯಲ್ಲಿ ಮೂರು ವರ್ಷದ ಪರ್ಸನಲ್ ಲೋನ್ ತೆಗೆದರೆ ತಿಂಗಳ ಕಂತು ₹10,250, ಒಟ್ಟು ಬಡ್ಡಿಯೇ ₹69,000. ಅಷ್ಟರಲ್ಲಿ ಇನ್ನೂ ಎರಡು ಸುತ್ತು ಓಡಬಹುದು. ತಿಂಗಳಿಗೆ ₹10,000ದಂತೆ ಎರಡು ವರ್ಷ ಆರ್‌ಡಿ ಕಟ್ಟಿದರೆ ಶೇ 6.5ರ ಬಡ್ಡಿಯಲ್ಲೂ ಸುಮಾರು ₹2.57 ಲಕ್ಷ ಕೈಗೆ ಬರುತ್ತದೆ. ನಾನು ನಡೆದಿದ್ದು ಇದೇ ದಾರಿ. ಕಾಯುವ ಆ ದಿನಗಳಲ್ಲಿ ಸ್ಪರ್ಧೆಗಳಿಗೆ ಹೋಗಿ ಬೇರೆಯವರ ಪಿಟ್‌ನಲ್ಲಿ ಸ್ಪ್ಯಾನರ್ ಹಿಡಿದು ನಿಂತೆ, ಕಲಿತದ್ದು ಬಹಳ.

ದುಡ್ಡಿಲ್ಲವೆಂದು ರಾತ್ರಿ ಹೊತ್ತು ಹೆದ್ದಾರಿಗೆ, ರಿಂಗ್ ರೋಡಿಗೆ ಹೋಗುವ ಹುಡುಗರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ರೇಸ್ ಮಾಡಿದರೆ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸಜೆ, ₹5,000ವರೆಗೆ ದಂಡ ಅಥವಾ ಎರಡೂ ಉಂಟು. ನಿಯಮ ಮೀರಿ ಗಾಡಿ ಬದಲಿಸಿದ್ದಕ್ಕೆ ಪ್ರತಿ ಬದಲಾವಣೆಗೂ ₹5,000 ಬೇರೆ. ಎದುರಿಗೆ ಹಾಲಿನ ವ್ಯಾನೋ ಸೈಕಲ್ಲಿನ ಮುದುಕರೋ ಬಂದರೆ ಆಗುವುದನ್ನು ಯಾವ ದಂಡವೂ ಸರಿಮಾಡುವುದಿಲ್ಲ. ಈ ತಿಂಗಳೇ ಒಂದು ಆರ್‌ಡಿ ತೆರೆಯಿರಿ, ಮೊದಲು ಹೆಲ್ಮೆಟ್ ಕೊಳ್ಳಿ, ಆಮೇಲೆ 165 ಸಿಸಿ ಮಿತಿಯೊಳಗಿನ ಗಾಡಿ ಹುಡುಕಿ.