ನೊಂದವರಿಗಷ್ಟೇ ಮನಸ್ಸು ತಿಳಿಯುವುದೆ?

ಪ್ರಶ್ನೆ: ಮನಶ್ಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಹಲವರು ತಾವೇ ಮನೋವ್ಯಥೆಯಿಂದ ಬಳಲಿದವರಂತೆ. ನೋವುಣ್ಣದೆ ಹೊಸದು ಹುಟ್ಟುವುದಿಲ್ಲವೆ? ನಮ್ಮ ಕಡೆ ಅಂಥವರು ಇದ್ದರೆ?
– ಓದುಗರು, ರಬಕವಿ

ಉತ್ತರ: ಬಳಲಿದ್ದು ನಿಜ. ಆದರೆ ಅವರು ಯಾವಾಗ ಬಳಲಿದರು, ಯಾವಾಗ ಬರೆದರು ಎಂಬುದನ್ನೂ ನೋಡಬೇಕು.

ಅಮೆರಿಕದ ವಿಲಿಯಂ ಜೇಮ್ಸ್ 1869ರಲ್ಲಿ ವೈದ್ಯ ಪದವಿ ಪಡೆದರೂ ಕೆಲಸಕ್ಕೆ ಹೋಗುವ ಚೈತನ್ಯವಿರಲಿಲ್ಲ. ಒಂದು ಮುಸ್ಸಂಜೆ ಕೋಣೆಯೊಳಗೆ ಕಾಲಿಟ್ಟಾಗ ಇದ್ದಕ್ಕಿದ್ದಂತೆ ಭಯ ಹಿಡಿಯಿತು. ಹಿಂದೆ ಆಸ್ಪತ್ರೆಯಲ್ಲಿ ಕಂಡಿದ್ದ ಒಬ್ಬ ರೋಗಿ ಕಣ್ಮುಂದೆ ಬಂದ: ಮೊಣಕಾಲು ಗದ್ದಕ್ಕೆ ಒತ್ತಿ, ಅಲುಗಾಡದೆ ಕೂತ ಹುಡುಗ. ನಾಳೆ ನಾನೂ ಹೀಗೇ ಆಗಬಹುದು ಎನ್ನಿಸಿ ಜೇಮ್ಸ್ ನಡುಗಿಹೋದರು. ಆಮೇಲೆ ತಿಂಗಳುಗಟ್ಟಲೆ ಕತ್ತಲಲ್ಲಿ ಒಬ್ಬರೇ ಹೋಗಲಾರದಾದರು. 1902ರ ಪುಸ್ತಕದಲ್ಲಿ ಈ ಅನುಭವವನ್ನು ಯಾರೋ ಫ್ರೆಂಚ್ ಮನುಷ್ಯನದೆಂಬಂತೆ ಸೇರಿಸಿದರು. ಅದು ತಮ್ಮದೇ ಎಂದು ಒಪ್ಪಿಕೊಂಡದ್ದು ಮುಂದೆ. ಅವರ ಮನಶ್ಶಾಸ್ತ್ರದ ಮಹಾಗ್ರಂಥ ಬಂದದ್ದು 1890ರಲ್ಲಿ, ಚೇತರಿಸಿಕೊಂಡು, ಪಾಠ ಹೇಳುತ್ತ, ಹನ್ನೆರಡು ವರ್ಷ ದುಡಿದ ಮೇಲೆ.

ಜರ್ಮನಿಯ ವಿಜ್ಞಾನಿ ಫೆಕ್ನರ್ ಅವರದೂ ಇದೇ ಕಥೆ. ಬಣ್ಣದ ಗಾಜಿನಿಂದ ಸೂರ್ಯನನ್ನು ದಿಟ್ಟಿಸಿ ಕಣ್ಣು ಕೆಡಿಸಿಕೊಂಡು, 1840ರ ಸುಮಾರಿಗೆ ಕತ್ತಲ ಕೋಣೆ ಸೇರಿದರು. ಸಂವೇದನೆಯನ್ನು ಅಳೆಯುವ ದಾರಿ ಹೊಳೆದದ್ದು 1850ರಲ್ಲಿ, ಗ್ರಂಥ 1860ರಲ್ಲಿ.

ಇನ್ನು ನಮ್ಮವರು. ನಿಮ್ಮ ಪಕ್ಕದ ಜಮಖಂಡಿಯಲ್ಲೇ 1886ರಲ್ಲಿ ಹುಟ್ಟಿದ ಗುರುದೇವ ರಾನಡೆ. ಅವರು ಮನಶ್ಶಾಸ್ತ್ರಜ್ಞರಲ್ಲ, ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು. ಆದರೂ ಸಂತರ ಮನಸ್ಸಿನ ಒಳಗನ್ನು ಅವರಷ್ಟು ಶ್ರದ್ಧೆಯಿಂದ ಶೋಧಿಸಿದವರು ವಿರಳ, ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಗೆ ಅವರೇ ಸರಿಯಾದ ಉದಾಹರಣೆ. ಓದುವಾಗಲೇ ಗುರು ಭಾವೂಸಾಹೇಬ ಮಹಾರಾಜರಿಂದ ನಾಮದೀಕ್ಷೆ ಪಡೆದಿದ್ದರು. ಯೌವನದಲ್ಲಿ ಜೀವಕ್ಕೇ ಎರವಾಗುವಂಥ ಕಾಯಿಲೆ ಬಂದಿತು. ಆಗ ಹಿಡಿದು ನಿಂತದ್ದು ನಿತ್ಯದ ನಾಮಸ್ಮರಣೆಯನ್ನು. 1933ರಲ್ಲಿ ಮಹಾರಾಷ್ಟ್ರದ ಸಂತರ ಅನುಭಾವವನ್ನು ಕುರಿತು ಬರೆದಾಗ, ಬರಗಾಲದಲ್ಲಿ ಹೆಂಡತಿಯನ್ನು ಕಳೆದುಕೊಂಡ ತುಕಾರಾಮರ ತಳಮಳಕ್ಕೆ ಒಂದು ಭಾಗವನ್ನೇ ಮೀಸಲಿಟ್ಟರು. ಕ್ರೈಸ್ತ ಸಂತರು ಆತ್ಮದ ಕತ್ತಲ ರಾತ್ರಿ ಎನ್ನುವುದೂ ಅದನ್ನೇ ಎಂದು ತೋರಿಸಿದರು. ಆದರೆ ಬರಹವನ್ನು ಅಲ್ಲಿಗೇ ನಿಲ್ಲಿಸಲಿಲ್ಲ. ಅದರಾಚೆಗೆ ತುಕಾರಾಮರು ಕಂಡ ಆನಂದವನ್ನೂ ವಿವರಿಸಿದರು. ರಾನಡೆಯವರಿಗೆ ಸಂಕಟ ದಾರಿಯಲ್ಲಿ ಸಿಗುವ ಒಂದು ಘಟ್ಟ, ಗುರಿಯಲ್ಲ.

ನೋವು ಇವರಿಗೆಲ್ಲ ಪ್ರಶ್ನೆಯನ್ನು ಕೊಟ್ಟಿತು. ಉತ್ತರ ಬಂದದ್ದು ಬಿಡುವು, ಅಭ್ಯಾಸ, ಆಸರೆಗಳಿಂದ. ನೋವಿನಲ್ಲೇ ಮುಳುಗಿ ಒಂದು ಸಾಲೂ ಬರೆಯದೆ ಹೋದವರ ಹೆಸರು ನಮಗೆ ತಿಳಿಯುವುದೇ ಇಲ್ಲ, ಅದಕ್ಕೇ ನೋವಿದ್ದರೆ ಮಾತ್ರ ಹೊಸದು ಹುಟ್ಟುತ್ತದೆಂಬ ಲೆಕ್ಕ ತಪ್ಪುತ್ತದೆ.

ಬರೆಯುವ, ಹಾಡುವ ಹುಡುಗರು ಖಿನ್ನತೆ ಇಲ್ಲದಿದ್ದರೆ ತಮ್ಮ ಪ್ರತಿಭೆ ಬತ್ತೀತೆಂದು ಚಿಕಿತ್ಸೆ ಬಿಡುವುದುಂಟು. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಅಂಥವರಿದ್ದರೆ ದಯವಿಟ್ಟು ಸುಮ್ಮನಿರಬೇಡಿ. 14416, ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.